ಸಂದು

ಶರ್ಕ್‌ನಲ್ಲಿ, ಮೂವತ್ತೆಂಟನೇ ಮಹಡಿಯ ಹೊರಗೆ
ಹಗ್ಗಕ್ಕೆ ಜೋತು, ಗಾಜಿಗೂ ಗಾಜಿಗೂ ನಡುವೆ
ಸಿಲಿಕಾನ್ ತುಂಬುತ್ತಿದ್ದ ದೂಮಣ್ಣ.
ಹತ್ತೊಂಬತ್ತು ವರ್ಷ ಅದೇ ಕೆಲಸ.
ಗನ್ನಿನ ಬಾಯಿಂದ ಕಪ್ಪು ಗೆರೆ ಎಳೆದು
ಸೋಪಿನ ನೀರಲ್ಲಿ ಅದ್ದಿದ ಬೆರಳಿಂದ ಒಂದೇ ಸಲ ಸವರಿದರೆ
ಕೂದಲೆಳೆಯಷ್ಟೂ ಜಾಗ ಉಳಿಯುತ್ತಿರಲಿಲ್ಲ.
ಕುವೈತಿನ ಧೂಳು ಬಂದು
ಅವನ ಗೆರೆಯ ಮುಂದೆ ನಿಲ್ಲುತ್ತಿತ್ತು
ವೀಸಾ ಇಲ್ಲದವನ ಹಾಗೆ.

ಕೆಳಗಿಳಿದರೆ ಚಾ.
ಪೇಪರ್ ಕಪ್ಪಿಗೆ ನಾಲ್ಕು ಚಮಚ ಸಕ್ಕರೆ,
ಕಲಕಲು ಪೆನ್ಸಿಲಿನ ಹಿಂಬದಿ.
"ಬಿಸಿಲು ಕುಡಿದದ್ದನ್ನು ವಾಪಸು ತುಂಬಬೇಡವಾ?" ಎನ್ನುತ್ತಿದ್ದ.

ಮೊದಲು ಮರೆತದ್ದು ರೂಮಿನ ನಂಬರು.
ಫಹಾಹೀಲಿನ ನಮ್ಮ ಕಟ್ಟಡದ ಮೆಟ್ಟಿಲಲ್ಲಿ
ಅಕ್ಕಿ ಚೀಲ ಮಡಿಲಲ್ಲಿಟ್ಟು
ಅರ್ಧ ಗಂಟೆ ಕೂತಿದ್ದನಂತೆ;
ನೇಪಾಳಿ ಹುಡುಗನೊಬ್ಬ ಕೈಹಿಡಿದು ತಂದುಬಿಟ್ಟ.
ಆಮೇಲೆ, ಮಗಳನ್ನು ಕೊಟ್ಟ ಊರು.
ಮತ್ತೆ ಒಂದು ಶುಕ್ರವಾರ, ನನ್ನ ಹೆಸರು.
"ಏ ಮಾರಾಯ" ಎಂದು ಸಾವರಿಸಿಕೊಂಡ.
ನಾನು ಗೊತ್ತಾಗದವನ ಹಾಗೆ
ಮೀನು ಹೆಚ್ಚುತ್ತಲೇ ಇದ್ದೆ.

ಮಿಸ್ರಿ ಡಾಕ್ಟರು ರಿಪೋರ್ಟು ನೋಡಿದರು.
ಮೂರು ತಿಂಗಳ ಸಕ್ಕರೆ: ಹನ್ನೊಂದೂವರೆ.
ಪಾಲಾ ಕಡೆಯ ನರ್ಸು ಅರೆಬರೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು:
ಮೈಯ ಬೇರೆಡೆ ನಾಳಗಳಲ್ಲಿ ಸಣ್ಣ ಸಂದುಗಳಿರುತ್ತವೆ,
ಮಿದುಳಿನಲ್ಲಿ ಹಾಗಲ್ಲ,
ಕೋಶಕ್ಕೆ ಕೋಶ ಒತ್ತಿ ಹೊಲಿದಿರುತ್ತದೆ.
ಬೇಕಾದ್ದಕ್ಕೆ ಬಾಗಿಲು, ಬೇಡದ್ದಕ್ಕೆ ಗೋಡೆ.
ವರ್ಷಗಟ್ಟಲೆ ಸಕ್ಕರೆ ಏರಿಯೇ ಇದ್ದರೆ
ಆ ಹೊಲಿಗೆ ಸಡಿಲಬಹುದು;
ರಕ್ತದಲ್ಲೇ ಉಳಿಯಬೇಕಾದದ್ದು ಒಳಗೆ ಜಿನುಗಬಹುದು.
"ಮರೆವಿಗೆ ಇದೊಂದೇ ಕಾರಣ ಅಂತಲ್ಲ..." ಎನ್ನುವಷ್ಟರಲ್ಲಿ

ದೂಮಣ್ಣ ತಲೆಯಾಡಿಸಿದ,
ಇಡೀ ಆಸ್ಪತ್ರೆಯಲ್ಲಿ ಅವನೊಬ್ಬನಿಗೇ ಅರ್ಥವಾದಂತೆ:
"ಸೀಲ್ ಬಿಟ್ಟಿದೆ.
ಮೇಲಿಂದ ಮೇಲೆ ತುಂಬಿ ಪ್ರಯೋಜನವಿಲ್ಲ.
ಹಳೆಯದನ್ನು ಕೆರೆದು ತೆಗೆಯಬೇಕು, ಒಣಗಲು ಬಿಡಬೇಕು.
ಅಲ್ಲಿಗೆ ಹಗ್ಗ ಇಳಿಸುವವರು ಯಾರು, ಸಿಸ್ಟರ್?"
ಅವಳು ಚೀಟಿಯಲ್ಲಿ ಇನ್ಸುಲಿನ್ನಿನ ಹೊತ್ತು ಬರೆದಳು.

ನಿನ್ನೆ ರಾತ್ರಿ ಧೂಳು ಎದ್ದಿತು.
ಬೀದಿದೀಪ ಅರಿಸಿನದ ನೀರಲ್ಲಿ ಮುಳುಗಿದಂತೆ.
ಎಚ್ಚರಾಗಿ ನೋಡಿದರೆ ಅವನು ಕಿಟಕಿಯ ಬಳಿ,
ಕತ್ತಲಲ್ಲೇ, ಟೇಪನ್ನು ಹಲ್ಲಲ್ಲಿ ಹರಿದು
ಚೌಕಟ್ಟಿನ ಸುತ್ತ ಅಂಟಿಸುತ್ತಿದ್ದ.
ಬೆರಳು ಒಮ್ಮೆಯೂ ತಡವರಿಸಲಿಲ್ಲ.
"ಇದು ಯಾರ ಮನೆ?" ಕೇಳಿದ, ಕೆಲಸ ನಿಲ್ಲಿಸದೆ.
ನಮ್ಮದೇ, ಎಂದೆ.
"ಹಾಗಾದರೆ ಬಿಲ್ ಬೇಡ."

ಬೆಳಿಗ್ಗೆ ಆ ಕಿಟಕಿಯ ಕಟ್ಟೆ ಚೊಕ್ಕ.
ಧೂಳು ಬಂದದ್ದು ಬಾಗಿಲ ಕೆಳಗಿಂದ.
ಒರೆಸಿ, ಚಾ ಇಟ್ಟೆ, ಇಬ್ಬರಿಗೂ ಸಕ್ಕರೆಯಿಲ್ಲದೆ.
ಡಬ್ಬಿಯನ್ನು ಹೋದ ವಾರ ನಾನೇ ಬಚ್ಚಿಟ್ಟಿದ್ದೆ.
ಎಲ್ಲಿ ಎಂದು
ಈಗ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.