ಎರಡನೇ ದರ್ಜೆ

ಆದೋನಿ ಮಾರ್ಕೆಟ್ಟಿನಲ್ಲಿ ಈಗ
ಹತ್ತಿಯ ದರ್ಜೆ ಹೇಳುವುದು ಕಂಬಕ್ಕೆ ಕಟ್ಟಿದ ಕ್ಯಾಮೆರಾ.
ಅದಕ್ಕೆ ಹತ್ತಿ ಕಲಿಸಿದವರು ಇಬ್ಬರು:
ತಿಕ್ಕಣ್ಣ, ಮತ್ತು ನಾನು.

ಫೋಟೊಗೆ ಎಪ್ಪತ್ತೈದು ಪೈಸೆ.
ಅವನು ಹೇಳುವುದು, ನಾನು ಒತ್ತುವುದು.
ಮೊದಲ ದಿನ ಪರದೆಯನ್ನೇ ಹಿಂಜಲು ಹೋದ,
ಹೆಬ್ಬೆರಳು ತೋರುಬೆರಳ ನಡುವೆ
ನಲವತ್ತು ವರ್ಷದ ಅಭ್ಯಾಸ.
"ಹಸಿ ಐತೋ ಇಲ್ಲೋ ಹೆಂಗ ಹೇಳ್ಲವ್ವಾ ಹಾಜಿರಾ,
ಗಾಜು ಯಾವಾಗ್ಲೂ ಒಣಗೇ ಇರ್ತದ."

ಆದರೂ ಹೇಳಿದ. ಹನ್ನೊಂದು ಸಾವಿರ ಹಿಡಿ ಹತ್ತಿ,
ತೆಲುಗಲ್ಲಿ ಬೈದು, ಕನ್ನಡದಲ್ಲಿ ಎಣಿಸಿ.

ಒಂದು ಮಂಗಳವಾರ ಅವನ ಮೈ ಸುಡುತ್ತಿತ್ತು.
ಶಾಲು ಹೊದ್ದು ಕೂತವನಿಗೆ ಬಿಳಿಯೆಲ್ಲ ಹಳದಿ.
ಎರಡು, ಎರಡು, ಮೂರು, ಎರಡು...
ಮುನ್ನೂರು ಫೋಟೊ, ಯಾವುದಕ್ಕೂ ಒಂದನೇ ದರ್ಜೆಯಿಲ್ಲ.
ನನಗೆ ಗೊತ್ತಾಗಿತ್ತು.
ಮನೆಗೆ ಗ್ಯಾಸು ತರಬೇಕಿತ್ತು; ಒತ್ತುತ್ತಾ ಹೋದೆ.

ಅವನ ಜ್ವರ ಗುರುವಾರಕ್ಕೆ ಇಳಿಯಿತು.

ಮೊದಲೆಲ್ಲ ದರ್ಜೆ ಇಳಿದರೆ ಜಗಳವಿತ್ತು.
ಟವೆಲ್ಲು ಹಿಡಿದೆಳೆಯುತ್ತಿದ್ದರು, ಬೈಯುತ್ತಿದ್ದರು;
ಅರ್ಧ ಚಹಾ ಮುಗಿಯುವಷ್ಟರಲ್ಲಿ ತಿಕ್ಕಣ್ಣ
ಚೀಲದ ತಳದಿಂದ ಇನ್ನೊಂದು ಹಿಡಿ ತೆಗೆದು ನೋಡುತ್ತಿದ್ದ.
ಈಗ ಚೀಟಿ ಬರುತ್ತದೆ.
ಕಂಬದ ಜೊತೆ ಯಾರು ಜಗಳಾಡುತ್ತಾರೆ?

ನಿನ್ನೆ ಒಬ್ಬಾಕೆ ಬಂದಿದ್ದಳು, ಕೌತಾಳದ ಕಡೆಯವಳು,
ಹಾಲಿನಂಥ ಹತ್ತಿ.
ಚೀಟಿಯಲ್ಲಿ: ಎರಡು.
"ಮನುಷ್ಯ ಆದ್ರ ಮುಖ ನೋಡಿ ಹೇಳ್ತಾನ,
ಇದು ಸುಳ್ಳು ಹೇಳಂಗಿಲ್ಲಂತಲ್ಲ?" ಅಂದಳು,
ನನಗೇ.

ಅವಳು ಹೋದ ಮೇಲೆ
ಕಂಬಕ್ಕೆ ಕೈಯಿಟ್ಟು ನೋಡಿದೆ.
ಕಬ್ಬಿಣ. ತಣ್ಣಗಿತ್ತು.