ಸೋಫಾದ ಬಾಕಿ

ಆ ಸೋಫಾ ಸತ್ತು ಏಳು ವರ್ಷವಾಯಿತು.
ಬೀದಿಯಂಚಿಗೆ ಎಳೆದು ಹಾಕಿದ ದಿನ ಅದರ ಸಂದಿಯಲ್ಲಿ ಸಿಕ್ಕಿದ್ದು
ಒಂದು ಮೋಟು ಪೆನ್ಸಿಲು, ಹತ್ತು ಸೆಂಟು,
ಲೆರಾಯ್‌ನ ಓದುವ ಕನ್ನಡಕದ ಒಂದು ಕಡ್ಡಿ.
ಈಗ ಅದೇ ಸೋಫಾ ಕಾಗದವಾಗಿ ಬಾಗಿಲಿಗೆ ಬಂದಿದೆ:
ಸಾವಿರದ ನೂರ ಎಂಬತ್ತೇಳು ಡಾಲರು, ನಲವತ್ತು ಸೆಂಟು.
ವಾದಿ: ಹೆಸರೇ ಕೇಳದ ಒಂದು ಕಂಪನಿ.
ಪ್ರತಿವಾದಿ: ನಾನು, ಒಡೆಸ್ಸಾ ಪ್ರೂಯಿಟ್,
ಟೊಲೀಡೊ ಊರು, ಓಹಾಯೊ.

ಅಂಗಡಿ ಮುಚ್ಚುವ ಮುನ್ನ ನನ್ನನ್ನು ಬ್ಯಾಂಕಿಗೆ ಮಾರಿತಂತೆ,
ಬ್ಯಾಂಕು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ,
ಡಾಲರಿಗೆ ನಾಲ್ಕು ಸೆಂಟಿನಂತೆ, ಹಳೇ ಬಟ್ಟೆಯ ಮೂಟೆ ತೂಗಿದ ಹಾಗೆ.
ಲೈಬ್ರರಿಯ ಮೂಲೆ ಮೇಜಿನಲ್ಲಿ ಪುಕ್ಕಟೆ ಕಾನೂನು ಹೇಳುವ
ನಜ್ವಾ ಎಂಬ ಹುಡುಗಿ ಇದನ್ನೆಲ್ಲ ಬಿಡಿಸಿದಳು.
"ಹೋಗದಿದ್ದರೆ ಸೋತಂತೆ. ಆಮೇಲೆ ಸಂಬಳಕ್ಕೇ ಕೈ ಹಾಕುತ್ತಾರೆ.
ಹೋಗಿ. ಒಂದೇ ಮಾತು ಕೇಳಿ."

ಬಿಸ್ಕತ್ತಿನ ಡಬ್ಬಿಯ ರಸೀತಿಗಳನ್ನು ಮಂಚದ ಮೇಲೆ ಹರವಿದೆ.
ಇಪ್ಪತ್ತೊಂದು ಕಂತು ಸಿಕ್ಕವು. ಮೂರು ಸಿಗಲಿಲ್ಲ.
ಸುಳ್ಳು ಯಾಕೆ? ಆ ಮೂರು ಕಟ್ಟಿದೆನೋ ಇಲ್ಲವೋ ನೆನಪಿಲ್ಲ.
ಲೆರಾಯ್ ಆಸ್ಪತ್ರೆಯಲ್ಲಿದ್ದ ಮಾರ್ಚ್ ಅದು.
ಮೂರು ಮೂವತ್ತೆಂಟಲಿ ನೂರ ಹದಿನಾಲ್ಕು.
ಉಳಿದ ಸಾವಿರ ಯಾರ ಹೊಟ್ಟೆಯಲ್ಲಿ ಬೆಳೆಯಿತು?

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸಕ್ಕೆ
ಒಂದು ದಿನ ರಜೆ ಹಾಕಿ ಬಸ್ಸು ಹತ್ತಿದೆ.

ಕೋರ್ಟಿನ ಓಣಿಯಲ್ಲಿ ಒಬ್ಬ, ಹೊಳೆಯುವ ಬೂಟು, ಕಂಕುಳಲ್ಲಿ ಅರವತ್ತು ಕಡತ,
ಮೇಷ್ಟ್ರು ಹಾಜರಿ ಕರೆದಂತೆ ಹೆಸರು ಕೂಗುತ್ತಿದ್ದ.
"ಇಲ್ಲಿ ಸಹಿ. ತಿಂಗಳಿಗೆ ನಲವತ್ತು. ಒಳಗೆ ಹೋಗುವುದೇ ಬೇಡ."
ಜನ ಅವನನ್ನೇ ಕೋರ್ಟು ಅಂದುಕೊಂಡರು.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ
ಒಬ್ಬೊಬ್ಬರೂ ಸಹಿ ಹಾಕಿದರು.
ನನ್ನ ಪಕ್ಕದ ಮುದುಕರು, ಸ್ಟೂಕ್ಸ್ ಅಂತ, ಗಾಜಿನ ಕಾರ್ಖಾನೆಯಲ್ಲಿದ್ದವರು,
ಟೋಪಿ ತೆಗೆದು ಮೊಣಕಾಲ ಮೇಲಿಟ್ಟು
ಅದರ ಮೇಲೇ ಕಾಗದವಿಟ್ಟು ಬರೆದರು. ಅಕ್ಷರ ಚೆನ್ನಾಗಿತ್ತು.

ನನ್ನ ಹೆಸರು ಕೂಗಿದ. ನಾನು ಏಳಲಿಲ್ಲ.
ಒಳಗಿನಿಂದ ಕೂಗಿದರು. ಎದ್ದೆ.

ನ್ಯಾಯಾಧೀಶೆಗೆ ನೆಗಡಿ. ಮೂಗು ಒರೆಸಿಕೊಂಡು,
"ಸಾಲ ಒಪ್ಪುತ್ತೀರಾ?" ಅಂದರು.
ಗಂಟಲಲ್ಲಿ ಆ ನೂರ ಹದಿನಾಲ್ಕು ಮುಳ್ಳಿನಂತೆ ನಿಂತಿತು.
ನಜ್ವಾ ಬರೆದುಕೊಟ್ಟ ಚೀಟಿ ಬೆವರಿಗೆ ಒದ್ದೆಯಾಗಿತ್ತು.
"ನಾನು ಸಹಿ ಮಾಡಿದ ಕಾಗದ ತೋರಿಸಲಿ.
ಇವರ ಕೈಗೆ ಅದು ಹೇಗೆ ಬಂತು, ಅದನ್ನೂ ತೋರಿಸಲಿ."

ಅವನು ಕಡತ ತಿರುವಿದ. ಮತ್ತೆ ತಿರುವಿದ.
ತೆಗೆದದ್ದು ಒಂದು ಹಾಳೆ, ಹಾಳೆಯಲ್ಲಿ ಒಂದು ಸಾಲು,
ಆ ಸಾಲಿನಲ್ಲಿ ನನ್ನ ಹೆಸರು, ಒಂದಕ್ಷರ ಕಡಿಮೆ.
ಮೂವತ್ತು ದಿನ ಕೊಡಿ ಅಂದ.
"ದಾವೆ ಹೂಡುವಾಗ ಇರಬೇಕಿತ್ತಲ್ಲ," ಅಂದು
ಅವರು ಸೀನಿದರು, ವಜಾ ಮಾಡಿದರು.
ಎಲ್ಲ ಸೇರಿ ಆರು ನಿಮಿಷ.

"ಮತ್ತೆ ಹಾಕಬಹುದು ನಾವು," ಓಣಿಯಲ್ಲಿ ಬೂಟಿನವನ ಮಾತು.
"ಹಾಕಿ. ಬರುತ್ತೇನೆ. ಬಸ್ಸು ಅರ್ಧ ಗಂಟೆಗೊಂದಿದೆ."

ಹೊರಗೆ ಸ್ಟೂಕ್ಸ್ ಟೋಪಿ ತಿರುಗಿಸುತ್ತ ನಿಂತಿದ್ದರು.
"ಒಳಗೆ ಏನಂದಿರಿ?"
ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡರು.
"ನನ್ನದು ಹೋಯಿತೇ ಹಾಗಾದರೆ?"
"ಗೊತ್ತಿಲ್ಲ. ಗೊತ್ತಿರುವವಳು ಐದರವರೆಗೆ ಇರುತ್ತಾಳೆ."

ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ.
ಲೈಬ್ರರಿ ರಸ್ತೆಯಾಚೆ. ಅವರಿಗೆ ಮಂಡಿನೋವು,
ಸಿಗ್ನಲ್ಲಿನ ಹಸಿರು ಯಾರಿಗೂ ಕಾಯುವುದಿಲ್ಲ.
ಹಿಮದ ಮೇಲೆ ಉಪ್ಪು ಚೆಲ್ಲುತ್ತ ಲಾರಿಯೊಂದು ಬರುತ್ತಿತ್ತು.
ಹಳೇ ಅಭ್ಯಾಸ,
ರಸ್ತೆ ನಡುವೆ ನಿಂತು ಬರಿಗೈ ಎತ್ತಿದೆ.