ಹಿಂದಿನ ಮೆಟ್ಟಿಲು

ಮುನ್ನೂರ ಹನ್ನೆರಡು ಮಂದಿ ಬಂದು ಹೋದರು ಈ ತಿಂಗಳು,
ಒಬ್ಬರೂ ಬರೆಯಲಿಲ್ಲ.
ಆರಿದ ಚಹಾ ಮುಂದಿಟ್ಟುಕೊಂಡು ಸುಂಕಮ್ಮ ಮೇಡಂ ಕೇಳಿದರು:
‘ಬಾಗಿಲ ತನಕ ಬಂದೋರು ಒಳಗ ಯಾಕ ಬರವಲ್ರು?’

ನಾನು ಆರು ವರ್ಷ ಕೌಲ್ ಬಜಾರಿನಲ್ಲಿ
ಬಳ್ಳಾರಿಯಲ್ಲೇ ಹೊಲಿದ ಜೀನ್ಸಿಗೆ
ಇಟಲಿಯ ಹೆಸರು ಹಚ್ಚಿದವಳು.
ಅಕ್ಷರ ನೋಡಿ ಕೈ ಚಾಚುವುದು ಗೊತ್ತು.
ಚಾಚಿದ ಕೈ ಹಿಂದಕ್ಕೆ ಹೋಗುವುದು ಯಾಕೆ,
ಅದನ್ನು ಆ ರಾತ್ರಿ ಕೂತು ನೋಡಿದೆ.

ಬರುವುದೆಲ್ಲ ಒಂದೂವರೆಯ ಮೇಲೆ,
ಮನೆಯವರ ಗೊರಕೆ ಹದಕ್ಕೆ ಬಂದ ಹೊತ್ತು.
ಫೀಸು ಓದುತ್ತಾರೆ. ಪದವಿಗಳನ್ನು ದಾಟುತ್ತಾರೆ.
ಮೇಡಂ ಫೋಟೋ ದೊಡ್ಡದು ಮಾಡಿ
ಕಣ್ಣನ್ನೇ ನೋಡುತ್ತಾರೇನೋ, ಅಷ್ಟು ಹೊತ್ತು ನಿಲ್ಲುತ್ತಾರೆ.
ಆಮೇಲೆ ಅರ್ಜಿ: ಹೆಸರು, ವಯಸ್ಸು, ಓಣಿ,
ತಂದೆ ಅಥವಾ ಗಂಡನ ಹೆಸರು,
‘ನಿಮ್ಮ ಸಮಸ್ಯೆಯನ್ನು ವಿವರಿಸಿ’.
ಅಲ್ಲಿ ನಿಂತಿವೆ ಎಲ್ಲರ ಬೆರಳು.

ಮೊದಲು ಗಂಡನನ್ನು ಅಳಿಸಿದೆ
(ಖುಷಿಯಾಯಿತು, ಸುಳ್ಳೇಕೆ),
ಆಮೇಲೆ ತಂದೆಯನ್ನು, ಓಣಿಯನ್ನು, ಸಮಸ್ಯೆಯನ್ನು.
ಕಲ್ಲಿನ ಮೇಲೆ ಕಲ್ಲಿಟ್ಟ ಶಾಂತಿಯ ಚಿತ್ರ ತೆಗೆದೆ;
ಈ ಊರಲ್ಲಿ ಕಲ್ಲು ನೋಡಿ
ಯಾರಿಗೂ ಸಮಾಧಾನವಾದದ್ದಿಲ್ಲ.

ಬರೆದೆ:
‘ಮೆಟ್ಟಿಲು ಹಿಂದಿನ ಸಂದಿಯಲ್ಲಿ,
ಹೊನ್ನೂರಸಾಬರ ಹೊಲಿಗೆ ಮಿಷನ್ನಿನ ಪಕ್ಕ.
ಯಾರಾದರೂ ಕಂಡರೆ
ಪ್ಯಾಂಟು ಗಿಡ್ಡ ಮಾಡಿಸಲು ಬಂದೆ ಅನ್ನಿ.
ಅವರು ಹೂಂ ಅನ್ನುತ್ತಾರೆ, ಕೇಳಿ ಇಟ್ಟಿದ್ದೇವೆ.
ಒಂದು ನಂಬರು ಸಾಕು, ಯಾವಾಗ ಮಾತಾಡಬಹುದು ಎಂಬುದು.
ಕೆಳಗಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ.’

‘ಇದು ಸುಳ್ಳಲ್ಲೇನು?’ ಅಂದರು ಮೇಡಂ.
‘ಇಟಲಿಗಿಂತ ಕಮ್ಮಿ’ ಅಂದೆ.

ಗುರುವಾರ, ಎರಡು ಹತ್ತಕ್ಕೆ, ಒಂದು ಬಂತು.
ನಂಬರು. ‘ಮಧ್ಯಾಹ್ನ, ಇವರು ಡ್ಯೂಟಿಗೆ ಹೋದ ಮೇಲೆ.’
ಖಾಲಿ ಜಾಗದಲ್ಲಿ ಒಂದು ಚುಕ್ಕೆ.
ಬೆರಳು ತಗುಲಿ ಬಿದ್ದದ್ದೋ, ಇಟ್ಟದ್ದೋ.
ಮೇಡಂ ಅದನ್ನು ದೊಡ್ಡದು ಮಾಡಿ ನೋಡಿದರು,
ಇನ್ನೂ ದೊಡ್ಡದು ಮಾಡಿ.

ಶನಿವಾರ ಒಬ್ಬಾಕೆ
ನಿಜಕ್ಕೂ ಒಂದು ಪ್ಯಾಂಟು ತಂದಿದ್ದಳು,
ಹುಡುಗರದ್ದು, ಮಡಚಿ, ಬಟ್ಟೆ ಅಂಗಡಿಯ ಚೀಲದಲ್ಲಿ.
ಹೊನ್ನೂರಸಾಬರು ಹೂಂ ಅಂದು ಇಸಿದುಕೊಂಡರು,
ಅಳತೆ ಕೇಳಲಿಲ್ಲ.
ಮೇಲೆ ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ
ಮಿಷನ್ನು ಓಡಿಸತೊಡಗಿದರು,
ನಿಲ್ಲಿಸದೆ,
ಮಾತು ಕೆಳಗಿಳಿಯದ ಹಾಗೆ.